ಗಂಧರ್ವರ ಋಣ, ನಮ್ಮ ವೇದಿಕೆಯ ಮಡಿ

ಈಚೆಗೆ ಒಂದು ಭಾನುವಾರ ಸಂಜೆ ಬಸವನಗುಡಿಯ ನಮ್ಮ ಮನೆಯ ಮಹಡಿಯಲ್ಲಿ ಜೋರು ವಾಗ್ವಾದ ನಡೆಯಿತು. ವಾದಿಗಳು ನನ್ನ ಮಗ ಮತ್ತು ಅವನ ಮೂವರು ಗೆಳೆಯರು. ವಾರವಿಡೀ ಸಾಫ್ಟ್‌ವೇರ್ ಕೆಲಸ ಮಾಡಿ, ರಜೆಯ ದಿನ ಗಿಟಾರ್ ಹಿಡಿದು ಕೂರುವ ಹುಡುಗರು. ಅವರ ಆರಾಧ್ಯ ಸಂಗೀತದ ಹೆಸರು ಪ್ರೊಗ್ರೆಸಿವ್ ರಾಕ್. ಇಂಗ್ಲೆಂಡಿನಲ್ಲಿ 1960ರ ದಶಕದ ಕೊನೆಗೆ ರೂಪು ತಳೆದ ಈ ಪ್ರಕಾರ ಮೂರು ನಿಮಿಷದ ಪ್ರೇಮಗೀತೆಯ ಚೌಕಟ್ಟನ್ನು ಒಡೆದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಗೂ ಜಾಝ್‌ನಿಂದ ಪಡೆದು, ದೀರ್ಘ ರಚನೆಗಳನ್ನೂ ವಿಷಮ ತಾಳಗಳನ್ನೂ ಕಟ್ಟಿತೆಂದು ಅವರು ನನಗೆ ವಿವರಿಸಿದರು. ವಾದದ ವಿಷಯ ಇಷ್ಟೇ: ಲಕ್ಷಾಂತರ ಹದಿಹರೆಯದವರನ್ನು ಹುಚ್ಚೆಬ್ಬಿಸಿದ ಜನಪ್ರಿಯ ತಾರೆಯೊಬ್ಬ ಇಂಥ ಗಂಭೀರ ಸಂಗೀತದ ಮೇಲೆ ಪ್ರಭಾವ ಬೀರಿರುವುದು ಸಾಧ್ಯವೇ? ಸಾಧ್ಯವೇ ಇಲ್ಲವೆಂದು ಒಬ್ಬ ಹುಡುಗ ಪಟ್ಟು ಹಿಡಿದಿದ್ದ. ಜನಪ್ರಿಯರದು ಪೇಟೆ, ಇವರದು ಪ್ರಯೋಗಶಾಲೆ, ಎರಡಕ್ಕೂ ನಂಟು ಎಲ್ಲಿಯದು ಎಂಬುದು ಅವನ ವಾದ.

ಮಗ ಎರಡು ಸಾಕ್ಷ್ಯಗಳನ್ನು ಮುಂದಿಟ್ಟ. ಮೊದಲನೆಯದು ಹೇಳಿಕೆ. 1969ರಲ್ಲಿ ಮೊದಲ ಆಲ್ಬಂ ಹೊರತಂದ ಕಿಂಗ್ ಕ್ರಿಮ್ಸನ್ ತಂಡದ ರಾಬರ್ಟ್ ಫ್ರಿಪ್, ಒಂದು ರಾತ್ರಿ ಕಾರು ಓಡಿಸುತ್ತಾ ರೇಡಿಯೊದಲ್ಲಿ ಬೀಟಲ್ಸ್ ತಂಡದ ‘ಎ ಡೇ ಇನ್ ದ ಲೈಫ್’ ಕೇಳಿದ್ದು ತನ್ನ ಬದುಕಿನ ತಿರುವು ಎಂದು ತಾನೇ ಹೇಳಿಕೊಂಡಿದ್ದಾನೆ. ಎರಡನೆಯದು ವಸ್ತು. ಮೆಲೊಟ್ರಾನ್ ಎಂಬ ಕೀಲಿಮಣೆ ವಾದ್ಯ 1967ರಲ್ಲಿ ಬೀಟಲ್ಸ್‌ರ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಗೀತೆಯ ಆರಂಭದಲ್ಲಿ ಕೇಳಿಸಿತು. ಎರಡೇ ವರ್ಷದಲ್ಲಿ ಅದು ಕಿಂಗ್ ಕ್ರಿಮ್ಸನ್ ತಂಡದ ನಾದದ ಬೆನ್ನೆಲುಬಾಯಿತು. ಪಟ್ಟು ಹಿಡಿದ ಹುಡುಗ ಸೋತೆನೆಂದು ಒಪ್ಪಿಕೊಳ್ಳದಿದ್ದರೂ ಕಾಫಿ ಲೋಟ ಕೈಗೆತ್ತಿಕೊಂಡು ಸುಮ್ಮನಾದ.

ನಾನೂ ಸುಮ್ಮನಾದೆ. ಆದರೆ ನನ್ನ ಕಾರಣ ಬೇರೆ. ಆ ಹುಡುಗ ಆಡಿದ ಮಾತನ್ನೇ, ಇನ್ನಷ್ಟು ಸಭ್ಯವಾದ ಭಾಷೆಯಲ್ಲಿ, ಕೆಲವು ವಾರಗಳ ಹಿಂದೆ ನಾನು ಬರೆದು ಸಹಿ ಮಾಡಿದ್ದೆ.

ನಮ್ಮ ಹಳೆಯ ಬಡಾವಣೆಗಳಲ್ಲೊಂದರಲ್ಲಿ ನಡೆದುಬಂದಿರುವ ಒಂದು ಪುಟ್ಟ ಸಂಗೀತ ಸಭೆಯ ಸಮಿತಿಯಲ್ಲಿ ನಾನಿದ್ದೇನೆ. ಸಭೆಯ ಹೆಸರು ಇಲ್ಲಿ ಬೇಡ. ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದು. ಉತ್ತರ ಕರ್ನಾಟಕದ ಒಬ್ಬ ಯುವ ಗಾಯಕಿಯನ್ನು ಹಿಂದೂಸ್ತಾನಿ ಕಛೇರಿಗೆ ಆಹ್ವಾನಿಸಿದ್ದೆವು. ಎರಡು ಗಂಟೆ ಖ್ಯಾಲ್ ಹಾಡಿ, ಕೊನೆಯ ಇಪ್ಪತ್ತು ನಿಮಿಷ ಒಂದು ಮರಾಠಿ ನಾಟ್ಯಗೀತೆ ಮತ್ತು ಒಂದು ಕನ್ನಡ ಕಂಪನಿ ನಾಟಕದ ಹಾಡನ್ನು ಹಾಡುವುದಾಗಿ ಆಕೆ ತಿಳಿಸಿದರು. ಏಳು ಮಂದಿಯ ಸಮಿತಿಯಲ್ಲಿ ನಾಲ್ವರು ವಿರೋಧಿಸಿದರು. ನಾಟಕದ ಹಾಡಿಗೆ ಬೇರೆ ವೇದಿಕೆಗಳಿವೆ, ನಮ್ಮದು ಶುದ್ಧ ಸಂಗೀತದ ವೇದಿಕೆ ಎಂದರು. ನಾನು ಪರವಾಗಿಯೂ ಮಾತಾಡಲಿಲ್ಲ, ವಿರೋಧವಾಗಿಯೂ ಮಾತಾಡಲಿಲ್ಲ. ಮೂರು ದಶಕಕ್ಕೂ ಮೀರಿ ಸರ್ಕಾರಿ ಕಡತಗಳಲ್ಲಿ ಟಿಪ್ಪಣಿ ಬರೆದ ಕೈ ನನ್ನದು. ನಿರಾಕರಣೆಯ ಪತ್ರದ ಕರಡನ್ನು ಸಮಿತಿ ನನಗೇ ವಹಿಸಿತು. ‘ಸಭೆಯ ಪರಂಪರೆಯ ಹಿತದೃಷ್ಟಿಯಿಂದ’ ಎಂಬ ನುಣುಪಾದ ಪದಗಳಿಂದ ಆರಂಭಿಸಿ ಬರೆದುಕೊಟ್ಟೆ. ಗಾಯಕಿ ಎರಡೇ ಸಾಲಿನ ಮರ್ಯಾದೆಯ ಉತ್ತರ ಕಳುಹಿಸಿ, ಕಛೇರಿಯಿಂದಲೇ ಹಿಂದೆ ಸರಿದರು.

ಈ ಲೇಖನ ಆ ಪತ್ರದ ಮರುಪರಿಶೀಲನೆ. ಮಗನ ಸಾಕ್ಷ್ಯವಿಧಾನವನ್ನೇ ಇಟ್ಟುಕೊಂಡು ನಮ್ಮ ನೆಲದ ಪ್ರಶ್ನೆಯನ್ನು ಕೇಳೋಣ. ಜನಪ್ರಿಯ ರಂಗಭೂಮಿಯ ತಾರೆಯೊಬ್ಬರು ನಮ್ಮ ಶಾಸ್ತ್ರೀಯ ಸಂಗೀತದ ಮೇಲೆ, ಅದರಲ್ಲೂ ಅತ್ಯಂತ ಪ್ರಯೋಗಶೀಲವಾದ ಸಂಗೀತದ ಮೇಲೆ, ಪ್ರಭಾವ ಬೀರಿರುವುದು ಸಾಧ್ಯವೇ?

ತಾರೆ ಎಂಬ ಪದಕ್ಕೆ ಬಾಲಗಂಧರ್ವರಿಗಿಂತ ಅರ್ಹರು ಆ ಕಾಲದಲ್ಲಿ ಸಿಗುವುದು ಕಷ್ಟ. ನಾರಾಯಣ ಶ್ರೀಪಾದ ರಾಜಹಂಸ ಎಂಬುದು ಅವರ ಹುಟ್ಟುಹೆಸರು. 1888ರಲ್ಲಿ ಜನಿಸಿದ ಅವರು 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿ, 1913ರಲ್ಲಿ ಗಂಧರ್ವ ನಾಟಕ ಮಂಡಳಿಯ ಸ್ಥಾಪಕರಲ್ಲೊಬ್ಬರಾದರು. ಸ್ತ್ರೀಪಾತ್ರಗಳಲ್ಲಿ ಅವರು ಉಡುತ್ತಿದ್ದ ಸೀರೆಯ ರೀತಿಯನ್ನು ಕುಲೀನ ಮನೆತನದ ಹೆಂಗಸರು ಅನುಕರಿಸುತ್ತಿದ್ದರೆಂಬುದು ಪ್ರಸಿದ್ಧ. ಪ್ರೇಕ್ಷಕರು ‘ವನ್ಸ್ ಮೋರ್’ ಕೂಗಿದಷ್ಟೂ ಹಾಡು ಬೆಳೆಯುತ್ತಿತ್ತು. ಇಂದಿನ ಪರಿಭಾಷೆಯಲ್ಲಿ ಇದು ಅಪ್ಪಟ ಮಾರುಕಟ್ಟೆಯ ಕಲೆ. ಟಿಕೆಟ್ಟು ಮಾರಾಟವಾಗದಿದ್ದರೆ ಮರುದಿನ ಕಂಪನಿಯ ಒಲೆ ಉರಿಯದು.

ಆದರೆ ಈ ಮಾರುಕಟ್ಟೆಯೊಳಗೆ ಏನಿತ್ತೆಂದು ನೋಡಬೇಕು. 1916ರಲ್ಲಿ ರಂಗಕ್ಕೆ ಬಂದ ‘ಸ್ವಯಂವರ’ ನಾಟಕಕ್ಕೆ ಸಂಗೀತ ಒದಗಿಸಿದವರು ಹಲವು ಘರಾಣೆಗಳ ವಿದ್ಯೆ ಪಡೆದಿದ್ದ ಭಾಸ್ಕರಬುವಾ ಬಖಲೆ; ಬಾಲಗಂಧರ್ವರಿಗೆ ಗುರುಗಳೂ ಅವರೇ. ಆ ನಾಟಕದ ಹಾಡುಗಳು ಯಮನ್, ಬಿಹಾಗ್, ಭೀಮಪಲಾಸದಂಥ ರಾಗಗಳ ಮೇಲೆ ನಿಂತಿದ್ದವು. ಕಂಪನಿಯ ತಬಲಾ ಪೀಠದಲ್ಲಿ ಕೂತವರು ಅಹಮದ್ ಜಾನ್ ಥಿರಕವಾ, ಮುಂದೆ ಭಾರತದ ತಬಲಾವಾದನದ ಶಿಖರವೆನಿಸಿದ ಉಸ್ತಾದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದು ಮುಖ್ಯವೆನಿಸುತ್ತದೆ. ಒಂದು ಚಟುವಟಿಕೆಯ ಲಾಭ ಅದರ ಲೆಕ್ಕಪುಸ್ತಕದಾಚೆ ಇರುವವರಿಗೂ ಸಲ್ಲುವುದನ್ನು ನಮ್ಮ ಶಾಸ್ತ್ರ ಬಾಹ್ಯ ಪ್ರಯೋಜನ ಎನ್ನುತ್ತದೆ. ನಾಟಕ ನೋಡಲು ಬಂದ ಸಾಮಾನ್ಯ ಪ್ರೇಕ್ಷಕನ ಎಂಟಾಣೆ, ಅವನಿಗೇ ತಿಳಿಯದಂತೆ, ಒಬ್ಬ ಮಹಾನ್ ಶಾಸ್ತ್ರೀಯ ವಾದಕನ ಸಂಸಾರವನ್ನು ಸಲಹುತ್ತಿತ್ತು. ಗಂಧರ್ವ ಮಂಡಳಿಯಾದರೋ ಸಾಲದಲ್ಲಿ ಮುಳುಗಿತ್ತು. ಪ್ರಯೋಜನವೆಲ್ಲ ಹೊರಗಿನವರಿಗೇ ಸಂದಿತು.

ಈಗ ಕನ್ನಡ ನಾಡಿನ ಕಡೆಗೆ ಬರೋಣ. ಕಿರಾಣಾ ಘರಾಣೆ ಕರ್ನಾಟಕದಲ್ಲಿ ಬೇರೂರಿದ್ದು ಯಾರಿಂದ ಎಂದರೆ ನಾವೆಲ್ಲ ಕುಂದಗೋಳದ ಸವಾಯಿ ಗಂಧರ್ವರ ಹೆಸರು ಹೇಳುತ್ತೇವೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಶಿಷ್ಯರು. ರಾಮಚಂದ್ರ ಕುಂದಗೋಳಕರ ಎಂಬ ಈ ಗಾಯಕ ಅಬ್ದುಲ್ ಕರೀಂ ಖಾನರ ಬಳಿ ಕಲಿತವರು. ಆದರೆ ಅವರ ಹೆಸರಿನ ಮೊದಲ ಪದವನ್ನು ಗಮನಿಸಿ. ‘ಸವಾಯಿ’ ಎಂದರೆ ಒಂದೂಕಾಲು. ಯಾವುದರ ಒಂದೂಕಾಲು? ಗಂಧರ್ವನ ಒಂದೂಕಾಲು. ಮರಾಠಿ ನಾಟಕ ಕಂಪನಿಗಳಲ್ಲಿ ವರ್ಷಗಟ್ಟಲೆ ಹಾಡಿ ನಟಿಸಿ, ಸ್ತ್ರೀಪಾತ್ರಗಳಿಂದ ಮನೆಮಾತಾದ ಈ ಕಲಾವಿದರನ್ನು ಪ್ರೇಕ್ಷಕರು ಬಾಲಗಂಧರ್ವರೊಡನೆ ತೂಗಿ ನೋಡಿದ ಕಾಲದ ಗುರುತು ಅದು. ನಮ್ಮ ಶುದ್ಧ ವೇದಿಕೆಗಳು ಭಕ್ತಿಯಿಂದ ಉಚ್ಚರಿಸುವ ಹೆಸರಿನಲ್ಲೇ ನಾಟಕದ ಪರದೆಯ ಬಣ್ಣ ಉಳಿದಿದೆ.

ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನ ಎಂಬ ಬಾಲಕ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ. ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಅವರ ಕಿವಿಗೆ ಆ ದನಿ ಬಿದ್ದದ್ದು ರಂಗದ ಮೇಲಿನಿಂದಲೇ. ಅವರು ಬಾಲಕನನ್ನು ಮೀರಜಕ್ಕೆ ಕರೆದೊಯ್ದರು. ಮುಂದೆ ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳ ನಿಧಿಯಾಗಿ, ಯಾವ ರಿಯಾಯಿತಿಯನ್ನೂ ಕೊಡದ ಕಠಿಣ ಗಾಯಕಿಗೆ ಹೆಸರಾದ ಮಲ್ಲಿಕಾರ್ಜುನ ಮನಸೂರರ ಮೊದಲ ವೇದಿಕೆ ಕಂಪನಿ ನಾಟಕದ್ದು. ಬಸವರಾಜ ರಾಜಗುರು ಅವರೂ ಬಾಲ್ಯದಲ್ಲಿ ಅದೇ ವಾಮನರಾಯರ ಕಂಪನಿಯಲ್ಲಿದ್ದವರು. ಇನ್ನು ಭೀಮಸೇನರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಗದಗದ ಮನೆ ಬಿಟ್ಟು ಹೊರಡಲು ಪ್ರೇರಣೆಯಾದದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಗ್ರಾಮಫೋನ್ ತಟ್ಟೆ. ಅದೂ ಪೇಟೆಯಲ್ಲಿ ದುಡ್ಡಿಗೆ ಸಿಗುವ ಸರಕು, ಕೆಲವೇ ನಿಮಿಷಗಳ ಲಘು ಪ್ರಕಾರ.

ಇವೆಲ್ಲ ಬಾಲ್ಯದ ಆಕಸ್ಮಿಕಗಳು, ಹೊಟ್ಟೆಪಾಡಿನ ಸಂಗತಿಗಳು, ಇದರಿಂದ ಸಂಗೀತದೊಳಗೆ ಪ್ರಭಾವ ಬಿದ್ದಿತೆಂದು ಹೇಗೆ ಹೇಳುವುದು ಎಂದು ಸಮಿತಿಯ ನನ್ನ ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಂಪರ್ಕವೇ ಪ್ರಭಾವವಲ್ಲ. ಹಾಗಾಗಿ ಅತ್ಯಂತ ಕಠಿಣವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ.

ಹಿಂದೂಸ್ತಾನಿ ಸಂಗೀತದಲ್ಲಿ ಪ್ರಗತಿಶೀಲ ಎಂಬ ವಿಶೇಷಣ ಒಬ್ಬರಿಗೇ ಸಲ್ಲಬೇಕೆಂದರೆ ಅದು ಕುಮಾರ ಗಂಧರ್ವರಿಗೆ. ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಅವರು 1924ರಲ್ಲಿ ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ ಹುಟ್ಟಿದರು. ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು. ಕ್ಷಯರೋಗದಿಂದ ವರ್ಷಗಟ್ಟಲೆ ಮೌನವಾಗಿ ದೇವಾಸದಲ್ಲಿ ಮಲಗಿದ್ದಾಗ ಮಾಳವದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಎದ್ದಮೇಲೆ ಆ ಧುನ್‌ಗಳಿಂದ ಹೊಸ ರಾಗಗಳನ್ನು ಕಟ್ಟಿದರು, ಕಬೀರನ ನಿರ್ಗುಣ ಪದಗಳಿಗೆ ಹೊಸ ಉಸಿರು ಕೊಟ್ಟರು. ಘರಾಣೆಯ ಗೋಡೆಗಳನ್ನು ಒಪ್ಪದ ಈ ಗಾಯಕರನ್ನು ಸಂಪ್ರದಾಯವಾದಿಗಳು ಬಹುಕಾಲ ಅನುಮಾನದಿಂದ ನೋಡಿದರು. ಇಂಥವರು ಪೇಟೆಯ ತಾರೆಯನ್ನು ತಿರಸ್ಕರಿಸಬೇಕಿತ್ತಲ್ಲವೇ? ಆದರೆ ‘ನನಗೆ ಅರ್ಥವಾದ ಬಾಲಗಂಧರ್ವ’ ಎಂಬರ್ಥದ ಮರಾಠಿ ಶೀರ್ಷಿಕೆಯಿಟ್ಟು ಅವರು ಒಂದಿಡೀ ಕಾರ್ಯಕ್ರಮವನ್ನು ಆ ನಟಗಾಯಕನಿಗೆ ಮೀಸಲಿಟ್ಟರು.

ಆ ಶೀರ್ಷಿಕೆಯನ್ನೇ ಪರಿಶೀಲಿಸಬೇಕು. ಅದರಲ್ಲಿರುವುದು ಅರ್ಥಮಾಡಿಕೊಳ್ಳುವ ಮಾತು. ಆ ಧ್ವನಿಮುದ್ರಣ ಕೇಳಿದವರಿಗೆ ತಿಳಿಯುತ್ತದೆ, ಕುಮಾರರ ಕಂಠ ಎಲ್ಲಿಯೂ ಬಾಲಗಂಧರ್ವರ ಕಂಠವಾಗಲು ಹವಣಿಸುವುದಿಲ್ಲ. ರಂಗದ ಮೇಲಿನ ಗಾಯಕನಿಗೆ ಒಂದು ಕಷ್ಟವಿತ್ತು: ಕೆಲವೇ ನಿಮಿಷಗಳಲ್ಲಿ ರಾಗದ ಮುಖ ಕಾಣಿಸಬೇಕು, ಪದದ ಅರ್ಥ ಕೊನೆಯ ಸಾಲಿನ ಪ್ರೇಕ್ಷಕನಿಗೂ ತಲುಪಬೇಕು, ಪಾತ್ರದ ಭಾವವೂ ಕೆಡಬಾರದು. ಬಾಲಗಂಧರ್ವರು ಇದಕ್ಕೆ ಕಂಡುಕೊಂಡ ಪರಿಹಾರ ನಾಟಕದ್ದಾದರೂ, ಸಮಸ್ಯೆ ಸಂಗೀತದ್ದು. ಚಿಕ್ಕ ಅಳತೆಯಲ್ಲಿ ದೊಡ್ಡ ರಾಗವನ್ನು ಹಿಡಿಯುವುದು, ಪದವನ್ನು ಸ್ವರದ ಗೂಟವನ್ನಾಗಿ ಮಾತ್ರ ಬಳಸದೆ ಅದರ ಅರ್ಥವನ್ನು ಉಳಿಸಿಕೊಳ್ಳುವುದು, ಕುಮಾರರ ನಿರ್ಗುಣ ಪದಗಳಲ್ಲಿಯೂ ಬಂದಿಶ್‌ಗಳಲ್ಲಿಯೂ ನಾವು ಮೆಚ್ಚುವುದು ಇದನ್ನೇ ತಾನೇ? ಜನಪ್ರಿಯ ಕಲಾವಿದನಿಂದ ಗಂಭೀರ ಕಲಾವಿದ ಕಲಿಯುವುದು ಹೀಗೆ. ಶೈಲಿಯನ್ನು ಅವನು ಬಿಟ್ಟುಬಿಡುತ್ತಾನೆ. ಒಂದು ಸಮಸ್ಯೆಯನ್ನು ಬಿಡಿಸಿದ ಬಗೆಯನ್ನು ಮನಸ್ಸಿಗೆ ತೆಗೆದುಕೊಳ್ಳುತ್ತಾನೆ. ಫ್ರಿಪ್ ಎಂಬ ಆ ಇಂಗ್ಲಿಷಿನವನೂ ಬೀಟಲ್ಸ್‌ರಂತೆ ಹಾಡಲು ಹೋಗಲಿಲ್ಲವೆಂದು ಮಗ ಹೇಳಿದ.

ಇದೆಲ್ಲ ಧಾರವಾಡ, ಬೆಳಗಾವಿಯ ಕಥೆ, ನಮ್ಮ ಬೆಂಗಳೂರಿಗೆ ಅನ್ವಯಿಸದು ಎನ್ನುವವರಿಗೂ ಉತ್ತರವಿದೆ. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಬಯಲು ರಂಗಮಂದಿರದಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಎಂಬ ಮೂರು ನಾಟಕಗಳನ್ನು ಆಡಿಸಿದರು. ಕನ್ನಡದ ಆಧುನಿಕ ರಂಗಭೂಮಿಯ ಇತಿಹಾಸವನ್ನು ಆ ಪ್ರಯೋಗಗಳ ಹಿಂದು, ಮುಂದು ಎಂದು ವಿಭಾಗಿಸುವವರಿದ್ದಾರೆ. ರಂಗಸಂಗೀತವನ್ನು ಅಲಂಕಾರದ ಸ್ಥಾನದಿಂದ ಕೆಳಗಿಳಿಸಿ, ನಾಟಕದ ಮಾತಿಗೆ ಸಮನಾದ ಭಾಷೆಯನ್ನಾಗಿ ಮಾಡಿದವರು ಕಾರಂತರು. ಅವರ ಕೈಯಲ್ಲಿ ಸಾಮಾನ್ಯ ಸದ್ದುಗಳೂ ಸ್ವರಗಳಾದವು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಅವರನ್ನು ಪ್ರಯೋಗಶೀಲರಲ್ಲವೆಂದು ಯಾರೂ ಹೇಳಲಾರರು.

ಈ ಪ್ರಯೋಗಶೀಲನ ಪಾಠಶಾಲೆ ಯಾವುದು? ಬಂಟ್ವಾಳದ ಕಡೆಯಿಂದ ಮನೆಬಿಟ್ಟು ಓಡಿಬಂದ ಹುಡುಗ ಸೇರಿದ್ದು ಗುಬ್ಬಿ ಕಂಪನಿಯನ್ನು. ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಜನಸಾಗರವನ್ನು ಸೆಳೆದ ಗುಬ್ಬಿ ವೀರಣ್ಣನವರಿಗಿಂತ ದೊಡ್ಡ ಜನಪ್ರಿಯ ತಾರೆ ಆಗಿನ ಕನ್ನಡ ರಂಗಭೂಮಿಯಲ್ಲಿರಲಿಲ್ಲ. ಅದೇ ವೀರಣ್ಣನವರು ಈ ಹುಡುಗನನ್ನು ಓದಲೆಂದು ಕಾಶಿಗೆ ಕಳುಹಿಸಿಕೊಟ್ಟರು. ಅಲ್ಲಿ ಕಾರಂತರು ಹಿಂದಿ ಎಂ.ಎ. ಓದುವುದರ ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. ಆಧುನಿಕ ರಂಗಭೂಮಿ ಯಾವ ಕಂಪನಿ ಶೈಲಿಯ ವಿರುದ್ಧ ಬಂಡೆದ್ದಿತೆಂದು ನಾವು ಬರೆಯುತ್ತೇವೆಯೋ, ಆ ಬಂಡಾಯಗಾರನ ವಿದ್ಯೆಗೆ ದಾರಿ ಮಾಡಿಕೊಟ್ಟದ್ದು ಅದೇ ಕಂಪನಿಯ ಯಜಮಾನ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರಂತೂ ಕಂಪನಿಯ ಕಂಠವನ್ನೂ ಆಧುನಿಕ ರಂಗವನ್ನೂ ಒಂದೇ ದೇಹದಲ್ಲಿ ಹೊತ್ತು ನಡೆದವರು.

ಇನ್ನೂ ಹಿಂದಕ್ಕೆ ಹೋದರೆ ವೃತ್ತ ಪೂರ್ಣವಾಗುತ್ತದೆ. ಮರಾಠಿ ನಾಟಕದ ಆರಂಭವೆಂದು ಗುರುತಿಸುವ ವಿಷ್ಣುದಾಸ ಭಾವೆಯವರ ‘ಸೀತಾಸ್ವಯಂವರ’ 1843ರಲ್ಲಿ ಸಾಂಗಲಿಯಲ್ಲಿ ನಡೆಯಿತು. ಅದಕ್ಕೆ ಪ್ರೇರಣೆ, ಅದರ ಹಿಂದಿನ ವರ್ಷ ಅಲ್ಲಿಗೆ ಬಂದಿದ್ದ ಹೊನ್ನಾವರ ಸೀಮೆಯ ಕರ್ಕಿ ಮೇಳದ ಯಕ್ಷಗಾನ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕರಾವಳಿಯ ಬಯಲಾಟದಿಂದ ಸಾಂಗಲಿಯ ಅರಮನೆಗೆ, ಅಲ್ಲಿಂದ ಮರಾಠಿ ರಂಗಕ್ಕೆ, ಮರಾಠಿ ರಂಗದಿಂದ ಕುಂದಗೋಳ, ಮನಸೂರು, ಸುಳೇಭಾವಿಯ ಕಂಠಗಳಿಗೆ ಹರಿದ ನೀರು ಇದು. ಇದರ ಯಾವ ಘಟ್ಟದಲ್ಲಿ ನಿಂತು ಇಲ್ಲಿಂದಾಚೆಗೆ ಶುದ್ಧ ಎಂದು ಗೆರೆ ಎಳೆಯುವುದು?

ಗೆರೆ ಎಳೆಯುವ ಪ್ರಯತ್ನವನ್ನು ನಾನು ಸೇವೆ ಸಲ್ಲಿಸಿದ ವರ್ಗವೇ ಒಮ್ಮೆ ಮಾಡಿ ನೋಡಿದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ವಾದ್ಯವನ್ನು ಬಹಿಷ್ಕರಿಸಿತು. ನಿಷೇಧ ಸಡಿಲಗೊಳ್ಳಲು ಮೂರು ದಶಕ ಹಿಡಿಯಿತು. ಅಷ್ಟೂ ಕಾಲ ಕಛೇರಿಯ ವೇದಿಕೆಗಳಲ್ಲಿ ಹಾರ್ಮೋನಿಯಂ ನುಡಿಯುತ್ತಲೇ ಇತ್ತು. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್, ಜನರ ಅಭಿರುಚಿಯನ್ನು ತಿದ್ದಲೆಂದು ಚಿತ್ರಗೀತೆಗಳನ್ನು ಬಾನುಲಿಯಿಂದ ದೂರವಿಟ್ಟರು. ಜನ ರೇಡಿಯೊವನ್ನು ಸಿಲೋನ್ ಕೇಂದ್ರದ ಕಡೆಗೆ ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಆರಂಭಿಸಬೇಕಾಯಿತು. ಶಾಸ್ತ್ರೀಯ ಕಲಾವಿದರಿಗೆ ಬಾನುಲಿಯಲ್ಲಿ ಹೆಚ್ಚು ಸಮಯ, ಹೆಚ್ಚು ಗೌರವ ದೊರೆತದ್ದೂ ಅದೇ ಕೇಸ್ಕರರ ಕಾಲದಲ್ಲೆಂಬುದನ್ನು ಮರೆಯಬಾರದು. ಪ್ರೋತ್ಸಾಹ ಫಲ ಕೊಟ್ಟಿತು, ನಿಷೇಧ ಕೊಡಲಿಲ್ಲ. ನಮ್ಮ ಪುಟ್ಟ ಸಮಿತಿ ಇದರಲ್ಲಿ ಮೊದಲರ್ಧವನ್ನು ಬಿಟ್ಟು ಎರಡನೆಯದನ್ನು ಅನುಸರಿಸಿತು.

ನನ್ನ ಮಾತನ್ನು ಅತಿಗೆ ಎಳೆಯಬಾರದು. ಎಲ್ಲ ಹಾಡೂ ಒಂದೇ, ಯಾವ ವೇದಿಕೆಯಲ್ಲಿ ಏನನ್ನಾದರೂ ಹಾಡಬಹುದು ಎಂಬುದು ನನ್ನ ವಾದವಲ್ಲ. ಒಂದು ಗಂಟೆಯ ವಿಲಂಬಿತ ಖ್ಯಾಲ್ ಬೇಡುವ ಏಕಾಗ್ರತೆಯನ್ನು ಜನಪ್ರಿಯ ಗೀತೆ ಬೇಡುವುದಿಲ್ಲ. ಅದನ್ನು ಕೇಳುವ, ಕಾಯುವ ಸ್ಥಳಗಳು ಬೇಕು, ಅಂಥ ಸ್ಥಳಗಳು ಈ ನಗರದಲ್ಲಿ ಕಡಿಮೆಯಾಗುತ್ತಿವೆ ಎಂಬ ಸಮಿತಿಯ ಆತಂಕದಲ್ಲಿ ನನಗೂ ಪಾಲಿದೆ. ಪ್ರಭಾವವೆಲ್ಲ ಒಳ್ಳೆಯದೇ ಎಂದೂ ಹೇಳಲಾರೆ. ಚಪ್ಪಾಳೆಗಾಗಿ ರಾಗವನ್ನು ಬಲಿಕೊಟ್ಟ ಗಾಯಕರನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಮೌಲ್ಯದ ಪ್ರಶ್ನೆ ಬೇರೆ, ಮೂಲದ ಪ್ರಶ್ನೆ ಬೇರೆ. ಖ್ಯಾಲ್ ನಾಟಕದ ಹಾಡಿಗಿಂತ ಆಳವಾದುದೆಂದು ನಂಬುವವನೂ, ನಮ್ಮ ಖ್ಯಾಲ್ ಗಾಯಕರು ನಾಟಕದ ಹಾಡಿಗೆ ಏನೂ ಸಾಲದವರೆಂದು ಹೇಳುವಂತಿಲ್ಲ. ಮೊದಲನೆಯದು ಅಭಿರುಚಿ, ಎರಡನೆಯದು ಇತಿಹಾಸದ ಸುಳ್ಳು.

ಆ ಸುಳ್ಳಿಗೆ ಬೆಲೆ ತೆರುವವರು ಯಾರು? ಬಾಲಗಂಧರ್ವರಲ್ಲ, ವೀರಣ್ಣನವರಲ್ಲ, ಅವರ ಹೆಸರುಗಳು ನಮ್ಮ ಪತ್ರದ ಹಂಗಿನಲ್ಲಿಲ್ಲ. ಬೆಲೆ ತೆತ್ತವರು, ತನ್ನ ಗುರುಪರಂಪರೆಯನ್ನು ಪ್ರಾಮಾಣಿಕವಾಗಿ ಬಿಚ್ಚಿಡಲು ಹೊರಟ ಆ ಯುವ ಗಾಯಕಿ. ಆಕೆ ಎರಡು ಗಂಟೆ ಹಾಡಲಿದ್ದ ಖ್ಯಾಲ್ ಮತ್ತು ಕೊನೆಯ ಇಪ್ಪತ್ತು ನಿಮಿಷದ ಹಾಡುಗಳು ಒಂದೇ ಕುಟುಂಬದವೆಂದು ತೋರಿಸುವುದು ಆಕೆಯ ಉದ್ದೇಶವಿದ್ದಿರಬೇಕು. ಮಗುವನ್ನು ಊಟಕ್ಕೆ ಕರೆದು, ತಾಯಿಯನ್ನು ಬಾಗಿಲಲ್ಲೇ ನಿಲ್ಲಿಸು ಎಂದಂತಾಯಿತು ನಮ್ಮ ಷರತ್ತು.

ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಸಂಗೀತೋತ್ಸವದಲ್ಲಿ, ಚಪ್ಪರದ ಹೊರಗೆ ನಿಂತು ಬಿಟ್ಟಿಯಾಗಿ ಸಂಗೀತ ಕೇಳುತ್ತಾ ಬೆಳೆದ ತಲೆಮಾರು ನನ್ನದು. ಹೊರಗಿನ ರಸ್ತೆಯಲ್ಲಿ ಕಡಲೆಕಾಯಿ ಮಾರುವವನೂ, ಸೈಕಲ್ಲಿನಿಂದ ಇಳಿದು ಒಂದು ಕಾಲೂರಿ ನಿಂತ ಗುಮಾಸ್ತನೂ, ಚಿತ್ರಗೀತೆ ಗುನುಗುತ್ತಾ ಬಂದು ತನಿಯಾವರ್ತನ ಮುಗಿಯುವವರೆಗೆ ನಿಂತುಬಿಡುವ ಹುಡುಗನೂ ಅಲ್ಲಿದ್ದರು. ಆ ಹುಡುಗ ನಾನೇ ಆಗಿದ್ದೆ. ರಾಜಕುಮಾರ್ ನಟಿಸಿದ ‘ಸಂಧ್ಯಾರಾಗ’ ಚಿತ್ರದ ಮೂಲಕ ಭೀಮಸೇನ ಜೋಶಿಯವರ ದನಿಯನ್ನು ಮೊದಲು ಕೇಳಿ, ಆಮೇಲೆ ಅವರ ಖ್ಯಾಲ್ ಹುಡುಕಿಕೊಂಡು ಹೋದವನು ನಾನು. ಆ ದಾರಿಯಲ್ಲಿ ಬಂದವನೇ ಇಂದು ಸಮಿತಿಯ ಕುರ್ಚಿಯಲ್ಲಿ ಕೂತು ಅದೇ ದಾರಿಗೆ ಅಡ್ಡಗೋಲು ಹಾಕುವ ಪತ್ರ ಬರೆದೆನೆಂಬುದು, ಮಹಡಿಯ ಮೇಲಿನ ಆ ವಾದವನ್ನು ಕೇಳುವವರೆಗೆ ನನಗೆ ಹೊಳೆಯಲಿಲ್ಲ.

ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಒಂದು ವಿಷಯ ಸೇರಿಸುವಂತೆ ಕೋರಿದ್ದೇನೆ: ಕಲಾವಿದರು ಕಛೇರಿಯಲ್ಲಿ ಏನನ್ನು ಹಾಡಬೇಕೆಂಬುದನ್ನು ಆಯ್ಕೆಯಾದ ಮೇಲೆ ಅವರ ವಿವೇಚನೆಗೇ ಬಿಡತಕ್ಕದ್ದು. ನಾಲ್ಕು ಮತಗಳು ಮೂರಾಗುವವೋ ಇಲ್ಲವೋ ತಿಳಿಯದು. ಈ ಬಾರಿ ನಾನು ಮೌನವಾಗಿ ಕೂರುವುದಿಲ್ಲ. ನಿರ್ಣಯ ಅಂಗೀಕಾರವಾದರೆ ಆ ಗಾಯಕಿಗೆ ಇನ್ನೊಂದು ಪತ್ರ ಹೋಗಬೇಕು. ಅದರ ಕರಡನ್ನೂ ನಾನೇ ಬರೆಯುತ್ತೇನೆ. ಮೊದಲ ವಾಕ್ಯದಲ್ಲಿ ಕ್ಷಮೆ ಕೇಳಿ.